ಹಗೇವಿನ ಕಡೆಗೆ ಬೇರು

ಮಾವಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದ ಸುದ್ದಿಯೆಲ್ಲ ಸರಸ್ವತಮ್ಮನಿಗೆ ಅವರ ಅತ್ತೆ ಹೇಳಿದ್ದು. ಹಾಗಾಗಿ ಹೊಸ ಕಟ್ಟಡದ ಪಾಯಕ್ಕೆಂದು ಹಿತ್ತಿಲು ಅಗೆಯುವಾಗ ಜೆಸಿಬಿಗೆ ಚಪ್ಪಡಿಯೊಂದು ಸಿಕ್ಕಿ, ಅದರಡಿ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ ತೆರೆದುಕೊಂಡಾಗ, ಅದು ಹಗೇವು ಎಂದು ಗುರುತಿಸಿದವರು ಅವರೊಬ್ಬರೇ. ಹಿಂದಿನವರು ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಕಣಜ.

"ನಾನೇ ಇಳಿದು ನೋಡ್ತೀನಿ," ಎಂದ ಮೊಮ್ಮಗ ಅಭಿನಂದನ್. ಕಟ್ಟಡ ಕಟ್ಟಿಸುವವನು ಅವನೇ. ತಳ ಎಲ್ಲಿದೆ ಎಂದು ತಿಳಿಯದೆ ಪಿಲ್ಲರ್ ನಿಲ್ಲಿಸುವಂತಿರಲಿಲ್ಲ.

"ಲೋ, ಮೊದ್ಲು ದೀಪ ಇಳಿಸೋ. ಹಗೇವು ಜೀವ ತೆಗೆಯತ್ತೆ," ಎಂದರು ಸರಸ್ವತಮ್ಮ.

ಹಗ್ಗಕ್ಕೆ ಕಟ್ಟಿದ ದೀಪ ಬಾಯಿ ದಾಟುತ್ತಲೇ ಆರಿತು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಇನ್ನೂ ರಾಗಿ ಇತ್ತು.

"ಏನ್ ಮೇಡಮ್ಮು, ನಿಮ್ ಕಾಲೇಜು ಏನನ್ನತ್ತೆ ಇದಕ್ಕೆ?" ಎಂದು ಅವನು ಚಿಕ್ಕಪ್ಪನ ಮಗಳು ಯಶಶ್ರೀಯನ್ನು ಕೆಣಕಿದ. ಅವಳು ಕೃಷಿ ಕಾಲೇಜಿನಲ್ಲಿ ಬೆಳೆಗಳ ಒಳಬದುಕಿನ ಪಾಠ ಹೇಳುವವಳು.

"ಕಾಳೂ ಉಸಿರಾಡತ್ತೆ ಅಣ್ಣ, ನಮ್ ಹಾಗೇ. ಒಳ್ಳೆ ಗಾಳಿ ತಗೊಂಡು ಕೆಟ್ಟದ್ದು ಬಿಡತ್ತೆ."

ಹೇಳಿದಳೇನೋ ನಿಜ, ಅವಳ ಮನಸ್ಸೇ ಒಪ್ಪಲಿಲ್ಲ. ಅಷ್ಟು ಹಳೆಯ ರಾಗಿ ಎಂದೋ ಸತ್ತಿರಬೇಕಲ್ಲ? ಡಬ್ಬ ಇಳಿಸಿ ಒಂದಿಷ್ಟು ಮೇಲೆತ್ತಿದಳು. ಕೆಂಪಗೆ ಹೊಳೆಯುತ್ತಿತ್ತು. ಅಂಗೈಗೆ ಸುರಿದುಕೊಂಡರೆ ಮಲಗಿದ್ದ ಬೆಕ್ಕಿನ ಹೊಟ್ಟೆಯಂತೆ ಬೆಚ್ಚಗಿತ್ತು.

ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಆ ಕಾಳು ಹರಡಿಟ್ಟಳು. ಮಾರನೆಯ ಬೆಳಗ್ಗೆ ನೋಡಿದರೆ ಒಂದೂ ಬಿಡದೆ ಮೊಳೆತಿದ್ದವು.

ಬೇರಿನ ತುದಿಯಲ್ಲಿ ಪಿಷ್ಟದ ಪುಟ್ಟ ಹರಳುಗಳಿರುತ್ತವೆ. ಭಾರಕ್ಕೆ ಅವು ಯಾವ ಕಡೆ ಕೂರುತ್ತವೋ ಅದೇ ಕೆಳಗು ಎಂದು ಬೇರು ತಿಳಿಯುತ್ತದೆ. ಅವಳು ವರ್ಷವರ್ಷವೂ ಹೇಳುವ ಪಾಠ. ಆದರೆ ಈ ಬೇರುಗಳೆಲ್ಲ ಕೆಳಗಿಳಿಯದೆ, ಬಾಚಿದ ಕೂದಲಿನಂತೆ ಹಗೇವಿದ್ದ ಹಿತ್ತಿಲ ಕಡೆಗೆ ಚಾಚಿದ್ದವು. ತಟ್ಟೆ ತಿರುಗಿಸಿಟ್ಟಳು. ಊಟದ ಹೊತ್ತಿಗೆ ತುದಿಗಳೆಲ್ಲ ಬಾಗಿ ಮತ್ತೆ ಹಿತ್ತಿಲನ್ನೇ ನೋಡುತ್ತಿದ್ದವು.

ಅಷ್ಟರಲ್ಲಿ ಅಭಿನಂದನ್ ಬ್ಲೋವರ್ ತರಿಸಿ ಹಗೇವಿಗೆ ಗಾಳಿ ಊದಿಸಿದ್ದ. ಈ ಸಲ ದೀಪ ರಾಗಿಯವರೆಗೂ ಇಳಿದು ನೆಟ್ಟಗೆ ಉರಿಯಿತು.

"ಓದಿರೋಳು ನೀನು," ಎಂದರು ಅಜ್ಜಿ. "ಇಳೀಬಹುದಾ, ಹೇಳು."

ದೀಪ ಉರಿದರೆ ಉಸಿರಿದೆ. ಬೇರಿನ ಮಾತೆತ್ತಿದರೆ ಅಣ್ಣ ವಿ.ವಿ.ಪುರಂ ತಿಂಡಿಬೀದಿಯವರೆಗೂ ಆಡಿಕೊಂಡು ನಗುತ್ತಾನೆ.

"ಇಳೀಬಹುದು," ಎಂದಳು ಯಶಶ್ರೀ.

ರಾಗಿಯೊಳಗೆ ಆಳವಾಗಿ ಊರಿದ ಏಣಿಯಲ್ಲಿ ಅವನು ಇಳಿದ. ಅವಳು ಟಾರ್ಚ್ ಹಿಡಿದು ಬಗ್ಗಿದಳು.

"ಕಾಲಿಗೆ ರಾಗಿ ಸಿಕ್ತು. ಸಾಕು, ಬರ್ತಿದೀನಿ," ಎಂದು ಕೂಗಿದ. ಹಾಗೆನ್ನುತ್ತಲೇ ಇನ್ನೊಂದು ಮೆಟ್ಟಿಲು ಇಳಿದ. ರಾಗಿ ಮೊಣಕಾಲು ಮುಚ್ಚಿತು.

"ಅಣ್ಣಾ, ಮೇಲೆ ಬಾ!"

"ಹತ್ತುತ್ತಲೇ ಇದೀನಲ್ಲೇ!" ನಗುತ್ತಿದ್ದ. ರಾಗಿ ಸೊಂಟಕ್ಕೆ ಬಂತು. "ನೀವ್ಯಾಕೆ ದೂರ ದೂರ ಹೋಗ್ತಿದೀರ?"

"ಮೇಲೆ ಬಾರೋ ನನ್ನಪ್ಪಾ!" ಅಜ್ಜಿ ಕೂಗಿದಷ್ಟೂ ಅವನು ಇಳಿದ. ರಾಗಿ ಎದೆ ಮುಟ್ಟಿತು.

ತಟ್ಟೆಯಲ್ಲಿ ದಿಕ್ಕು ತಪ್ಪಿದ್ದ ಬೇರುಗಳು ನೆನಪಾಗಿ ಯಶಶ್ರೀ ತಟ್ಟನೆ ಅಜ್ಜಿಯ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಣ್ಣಾ, ಇಳಿ!"

"ಏನು?"

"ಕೆಳಗಿಳಿ! ಇಳೀತಾನೇ ಇರು!"

"ತಲೆ ಕೆಟ್ಟಿದೆಯೇನೇ ನಿಂಗೆ?" ಗೊಣಗುತ್ತಲೇ ಕಾಲು ಕಿತ್ತು ತಡವಿ, ಮೇಲಿನ ಮೆಟ್ಟಿಲ ಮೇಲಿಟ್ಟ. ಎದೆಯಿಂದ ರಾಗಿ ಜಾರಿತು.

"ಇಳಿ. ಇನ್ನೂ ಇಳಿ."

ಕಣ್ಣು ಬಿಗಿಯಾಗಿ ಮುಚ್ಚಿ, ಪಾಳುಬಾವಿಗೆ ಇಳಿಯುವವನಂತೆ ಒಂದೊಂದೇ ಮೆಟ್ಟಿಲನ್ನು ಕಾಲಲ್ಲಿ ಹುಡುಕುತ್ತ ಅವನು ಮೇಲೆ ಬಂದ. ಇಬ್ಬರೂ ಒಂದೊಂದು ತೋಳು ಹಿಡಿದು ಎಳೆದುಹಾಕಿದರು. ಬೋರಲು ಬಿದ್ದವನು ಮಣ್ಣಿಗೆ ಬೆರಳು ಊರಿ ಬಿಗಿಹಿಡಿದ.

"ಬಂದ್ಯಲ್ಲೋ, ಎದ್ದು ಕೂತ್ಕೋ," ಎಂದು ಅಜ್ಜಿ ಅವನ ಬೆನ್ನು ಸವರಿದರು.

ಅವನು ಕತ್ತು ಹೊರಳಿಸಿ, ಮನೆಗಳ ನಡುವೆ ಕಾಣುತ್ತಿದ್ದ ಮಧ್ಯಾಹ್ನದ ಆಕಾಶವನ್ನು ಒಂದೇ ಕಣ್ಣಲ್ಲಿ ನೋಡಿದ.

"ಕೈ ಬಿಡ್ಬೇಡ ಯಶು," ಎಂದ. "ಎಷ್ಟು ಆಳ ಇದೆ ನೋಡು. ಬಿದ್ದುಬಿಡ್ತೀನಿ."