ಝಾನ್ಸಿಯಲ್ಲಿ ಕೊಂಡ ಗಂಟೆ

"ಅಜ್ಜಿ, ಮಂದಿರ್ ಕೀ ಘಂಟೀ ಗಾಡಿಯಲ್ಲಿ ಯಾಕೆ?"

ಇಂಚರಾ ಇದನ್ನು ಕೇಳಿದ್ದು ಮೂರನೇ ಸಲ. ಲೀಲಮ್ಮ ವ್ಯಾನಿನೊಳಗಿನ ಒಂಟಿ ಒಲೆಯ ಮೇಲೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರು. ಮೂರನೇ ಮಹಡಿಯ ಮಗಳ ಅಡುಗೆಮನೆಯಲ್ಲಿ ನಾಲ್ಕು ಒಲೆಗಳಿದ್ದರೂ ಬೆಳಗಿನ ತಿಂಡಿಯನ್ನು ಇಲ್ಲೇ ಮಾಡಬೇಕೆಂದು ಅವರ ಹಟ.

"ದೃಷ್ಟಿ ಆಗ್ದೇ ಇರ್ಲಿ ಅಂತ ಕಣೇ ಪುಟ್ಟಿ."

"ದೃಷ್ಟಿ ಮತ್ಲಬ್?"

"ಯಾರಾದ್ರೂ ಕೆಟ್ಟ ಕಣ್ಣು ಹಾಕ್ತಾರಲ್ಲ, ಅದು."

"ಅಚ್ಛಾ, ನಜರ್! ಅದಕ್ಕೆ ಮುಂದೆ ನಿಂಬೂ-ಮಿರ್ಚಿ ಇದೆಯಲ್ಲ. ಮತ್ತೆ ಘಂಟೀ?"

ಲೀಲಮ್ಮ ರವೆಯನ್ನು ಬೇಕಾದ್ದಕ್ಕಿಂತ ಜೋರಾಗಿ ತಿರುವಿದರು. "ಹೋಗು, ನಿಮ್ಮ ತಾತನ್ನ ಕೇಳು."

ಬಸವರಾಜರು ಹೊರಗೆ ಕಕ್ಕೆ ಮರದ ನೆರಳಲ್ಲಿ ಟೈರಿಗೆ ಒದ್ದು ನೋಡುತ್ತಿದ್ದರು. ದೆಹಲಿಯ ಪೀತಮ್‌ಪುರದ ಆ ಫ್ಲ್ಯಾಟುಗಳ ಹಿಂದೆ ವ್ಯಾನು ನಿಂತು ನಾಲ್ಕು ದಿನವಾಗಿತ್ತು. ಯಾರ ಪಾರ್ಕಿಂಗಿಗೆ ಅಡ್ಡವಾಗಿದೆ ಎಂಬ ಜಗಳ ಎರಡು ದಿನ ನಡೆದು, ಮೂರನೇ ದಿನ ಜಗಳವಾಡಿದವರೇ ಒಬ್ಬೊಬ್ಬರಾಗಿ ಒಳಗೆ ಇಣುಕಿ, ಮಂಚದ ಮೇಲೆ ಕೂತು, ಲೀಲಮ್ಮನ ಕಾಫಿ ಕುಡಿದು ಹೋಗಿದ್ದರು.

"ರಸ್ತೇಲಿ ಹಸು ಅಡ್ಡ ಬಂದ್ರೆ ಹೊಡೆಯೋಕೆ," ಎಂದರು ಬಸವರಾಜರು.

"ಹಾರ್ನ್ ಇದೆಯಲ್ಲ ತಾತ?"

"ಹಾರ್ನಿಗೆ ಹಸು ಹೆದರುತ್ತೆ."

ಇಂಚರಾ ವ್ಯಾನಿನೊಳಕ್ಕೆ ತಲೆ ಹಾಕಿ ನೋಡಿದಳು. ಒಂಬತ್ತು ವರ್ಷದ ಹುಡುಗಿ, ಶಾಲೆಗೆ ರಜೆ. ಒಂದು ಪ್ರಶ್ನೆ ಕೈಗೆ ಸಿಕ್ಕರೆ ಅದನ್ನು ಬಿಚ್ಚಿ ಹರಡಿ ನೋಡದೆ ಬಿಡುವವಳಲ್ಲ. ಹಿತ್ತಾಳೆ ಗಂಟೆ ತೂಗುತ್ತಿದ್ದುದು ಡ್ರೈವರನ ಎಡ ಕಿವಿಯ ಪಕ್ಕ. ಅದರ ಹಗ್ಗ ಮಾತ್ರ ಮಾಡಿನ ಕೆಳಗಿನ ಕೊಂಡಿಗಳಲ್ಲಿ ಹಾದು ಹಿಂದಿನ ಸೀಟಿನವರೆಗೂ ಹೋಗಿತ್ತು.

"ತಾತ, ಹಸು ಮುಂದೆ ಬರುತ್ತೆ. ಹಗ್ಗ ಪೀಛೇ ಹೈ. ಇದರಲ್ಲಿ ಲಾಜಿಕ್ಕೇ ಇಲ್ಲ."

ಬಸವರಾಜರು ಒದ್ದ ಟೈರಿಗೇ ಮತ್ತೊಮ್ಮೆ ಒದ್ದರು.

ಆ ವ್ಯಾನು ಮೊದಲು ತಿಪಟೂರಿನಲ್ಲಿ ಮದುವೆ ದಿಬ್ಬಣಗಳನ್ನು ಹೊರುತ್ತಿತ್ತು. ನಾಲ್ಕು ಸೀಟು ಉಳಿಸಿ ಬಾಕಿಯವನ್ನು ಕಿತ್ತು, ಪ್ಲೈವುಡ್ಡಿನ ಮಂಚ ಹೊಡೆಸಿ, ಕಿಟಕಿಗಳಿಗೆ ಲೀಲಮ್ಮನ ಹಳೇ ವಾಯಿಲ್ ಸೀರೆಗಳ ಪರದೆ ಕಟ್ಟಿ, ನೀರಿನ ಡ್ರಮ್ಮು, ಫ್ಯಾನು, ಒಲೆ ಎಂದು ಬಸವರಾಜರು ಎಂಟು ತಿಂಗಳು ಅದರ ಹೊಟ್ಟೆಯೊಳಗೇ ಇದ್ದರು. ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು ಅವರು. ಅಷ್ಟೂ ವರ್ಷ ಬೋರ್ಡಿನಲ್ಲಿ ಬರೆದ ಕೊನೇ ಊರಿಗೆ ಹೋಗಿ, ಅಲ್ಲಿಂದ ತಿರುಗಿಸಿಕೊಂಡು ಬಂದವರು. ಆ ರಸ್ತೆ ಮುಂದಕ್ಕೆ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕೆನ್ನುವುದು ಅವರ ಬಹಳ ವರ್ಷದ ಆಸೆ. ಲೀಲಮ್ಮನಿಗೆ ರಸ್ತೆಗಿಂತ ಜನ ಮುಖ್ಯ. ನಿಂತಲ್ಲೆಲ್ಲ ಇಳಿದು, ನಾಲ್ಕು ಮಾತು ಹಿಂದಿ, ಉಳಿದದ್ದು ಕನ್ನಡ ಸೇರಿಸಿ, "ನಿಮ್ಮ ಕಡೆ ಬದನೇಕಾಯಿಗೆ ಏನಂತೀರಿ?" ಎಂದು ಶುರು ಮಾಡಿಬಿಡುವರು. ಹೀಗೆ ನರ್ಮದೆಯಲ್ಲಿ ಕಾಲು ನೆನೆಸಿ, ಗ್ವಾಲಿಯರಿನ ಹತ್ತಿರ ರಸ್ತೆ ದಾಟುವ ನವಿಲುಗಳಿಗಾಗಿ ವ್ಯಾನು ನಿಲ್ಲಿಸಿ, ಎಂಟು ದಿನಕ್ಕೆ ದೆಹಲಿ ಮುಟ್ಟಿದ್ದರು. ಇನ್ನು ಮುಂದಿನ ಗುರುವಾರ ಮೊಮ್ಮಕ್ಕಳಿಬ್ಬರನ್ನೂ ಕೂರಿಸಿಕೊಂಡು, ಹಿಮಾಲಯದ ಹಿಮ ಕಾಣುವ ಲ್ಯಾನ್ಸ್‌ಡೌನಿನ ಬೆಟ್ಟಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಬಸವರಾಜರು ಹಿಮದ ಬೆಟ್ಟವನ್ನು ಒಮ್ಮೆಯೂ ನೋಡಿದವರಲ್ಲ. ಮೊದಲ ಸಲ ನೋಡುವಾಗ ಮೊಮ್ಮಕ್ಕಳು ಪಕ್ಕದಲ್ಲಿರಬೇಕೆಂದೇ ಅವರು ಎಂಟು ತಿಂಗಳು ಮೊಳೆ ಹೊಡೆದದ್ದು.

ಶನಿವಾರ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದರು. ಅಳಿಯ ಅನೀಶ್ ಆಫೀಸಿನ ಕೆಲಸದ ಮೇಲೆ ಪುಣೆಗೆ ಹೋಗಿದ್ದ. ಮಗಳು ಹರ್ಷಿಣಿ ಹುಳಿ ಬಡಿಸುತ್ತಿದ್ದಳು. ಐದು ವರ್ಷದ ವರುಣ್ ಅನ್ನದಲ್ಲಿ ರಸ್ತೆ ಕೊರೆದು ಅದರಲ್ಲಿ ಬೀನ್ಸ್ ಓಡಿಸುತ್ತಿದ್ದ.

"ಮಮ್ಮಾ," ಎಂದಳು ಇಂಚರಾ, "ಘಂಟೀ ಬಗ್ಗೆ ಅಜ್ಜಿ ಒಂದು ಹೇಳ್ತಾರೆ, ತಾತ ಬೇರೆ ಹೇಳ್ತಾರೆ. ದೋನೋ ಝೂಠ್."

"ಹಾಗೆಲ್ಲ ಅನ್ಬಾರ್ದು," ಎಂದ ಹರ್ಷಿಣಿ ಅಪ್ಪನ ಮುಖ ನೋಡಿದಳು. ಆಮೇಲೆ ಅಮ್ಮನ ಮುಖ. ಇಬ್ಬರೂ ಒಂದೇ ಉಪ್ಪಿನಕಾಯಿ ಬಾಟಲಿಯನ್ನು ದಿಟ್ಟಿಸುತ್ತಿದ್ದರು. "ಏನಪ್ಪಾ ಅದು?"

ಬಸವರಾಜರಿಗೆ ಸುಳ್ಳು ಎರಡನೇ ಸಲ ಬರುತ್ತಿರಲಿಲ್ಲ. "ಲಲಿತಪುರದ ಆಚೆ ನಿಮ್ಮಮ್ಮನ್ನ ಬಿಟ್ಟು ಹದಿನಾಲ್ಕು ಕಿಲೋಮೀಟರ್ ಹೋಗ್ಬಿಟ್ಟಿದ್ದೆ," ಎಂದರು.

ನಡೆದದ್ದು ಇಷ್ಟು. ಢಾಬಾದ ಮುಂದೆ ವ್ಯಾನು ನಿಂತಿತ್ತು. ಮಂಚದ ಮೇಲೆ ಮಲಗಿದ್ದ ಲೀಲಮ್ಮ ಫೋನನ್ನು ಅಲ್ಲೇ ಚಾರ್ಜಿಗೆ ಹಾಕಿ, ಢಾಬಾದ ಹಿಂದಿನ ಬಚ್ಚಲಿಗೆ ಹೋದದ್ದು ಬಸವರಾಜರಿಗೆ ಗೊತ್ತಾಗಲಿಲ್ಲ. ಅವರು ಇಂಜಿನ್ ಶುರು ಮಾಡಿ ಕೂತಾಗ ಪಕ್ಕದ ಲಾರಿಯವನೊಬ್ಬ ದಾರಿ ಬಿಡಿಸಿಕೊಳ್ಳಲು ವ್ಯಾನಿನ ತಗಡಿಗೆ ಅಂಗೈಯಿಂದ ಎರಡು ಸಲ ತಟ್ಟಿದ. ಧಪ್, ಧಪ್. ಕಂಡಕ್ಟರನ ಒಂದು ಪೆಟ್ಟು ಬಿದ್ದರೆ ಹೋಲ್ಡಾನ್, ಎರಡು ಬಿದ್ದರೆ ರೈಟ್. ಅದು ಕಿವಿಗೆ ಬಿದ್ದು ತಲೆಗೆ ಹೋಗುವಂಥದ್ದಲ್ಲ, ನೇರ ಕಾಲಿಗೇ ಹೋಗುವಂಥದ್ದು. ಬಸವರಾಜರ ಕಾಲು ಕ್ಲಚ್ ಬಿಟ್ಟಿತು. ದಾರಿಯುದ್ದಕ್ಕೂ ಅವರು ಹಿಂದೆ ತಿರುಗದೆ ಹೆಂಡತಿಗೆ ಶಿರಾಡಿ ಘಾಟಿಯಲ್ಲಿ ಬ್ರೇಕ್ ಹೋದ ಕಥೆ ಹೇಳುತ್ತ ಹೋದರು. ಲೀಲಮ್ಮ ಹೂಂಗುಡದೆ ಇದ್ದದ್ದೇನೂ ಹೊಸದಲ್ಲ; ಆ ಕಥೆ ಅವರಿಗೆ ಬಾಯಿಪಾಠವಾಗಿತ್ತು. ಕೊನೆಗೆ ಎಲೆ ಅಡಿಕೆಗೆಂದು ಎಡಗೈ ಹಿಂದಕ್ಕೆ ಚಾಚಿದರು. ಕೈ ಹಾಗೇ ಖಾಲಿ ಉಳಿಯಿತು.

"ನೀನು ಏನ್ಮಾಡ್ದೆ ಅಮ್ಮಾ?" ಹರ್ಷಿಣಿಯ ಕೈಯಲ್ಲಿ ಸೌಟು ನಿಂತಿತ್ತು.

"ನಾನೇನ್ ಮಾಡ್ಲಿ? ಹಗ್ಗದ ಮಂಚದ ಮೇಲೆ ಕೂತು ಚಾ ಕುಡಿದೆ. ಒಬ್ರು ಸರ್ದಾರ್ಜಿ ಪಾಪ, ಲಾರಿ ಸ್ಟಾರ್ಟ್ ಮಾಡ್ಕೊಂಡು, 'ಮಾತಾಜೀ ಬೈಠೋ, ಪೀಛಾ ಕರ್ತೇ ಹೈಂ' ಅಂತ ಬೆನ್ನು ಹತ್ತೋಕೆ ಹೊರಟ್ರು. ಬೇಡ ಭಯ್ಯಾ, ಇನ್ನು ಹದಿನೈದು ನಿಮಿಷಕ್ಕೆ ಅವರಿಗೆ ಎಲೆ ಅಡಿಕೆ ನೆನಪಾಗುತ್ತೆ, ಆಗ ಬರ್ತಾರೆ ಅಂದೆ."

ಹರ್ಷಿಣಿ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಲೀಲಮ್ಮನೂ ನಕ್ಕರು. ಮಾರನೇ ದಿನ ಝಾನ್ಸಿಯ ಪೇಟೆಯಲ್ಲಿ ತಾನೇ ಗಂಟೆ ಹುಡುಕಿ, ಹಗ್ಗ ಕಟ್ಟಿಸಿ, "ಇನ್ಮೇಲೆ ಇದು ಬಾರಿಸ್ದೇ ಗಾಡಿ ಅಲ್ಲಾಡ್ಬಾರ್ದು" ಎಂದು ಕಟ್ಟಪ್ಪಣೆ ಮಾಡಿದ್ದನ್ನು ಕೈ ಆಡಿಸುತ್ತ ಹೇಳಿದರು. ಅಷ್ಟರಲ್ಲಿ ಹರ್ಷಿಣಿಯ ಕಣ್ಣು ವರುಣನ ತಟ್ಟೆಯ ಮೇಲೆ ಬಿತ್ತು. ಅವನ ಬೀನ್ಸು ಅನ್ನದ ರಸ್ತೆ ಬಿಟ್ಟು ಮೇಜಿನ ತುದಿಗೆ ಬಂದಿತ್ತು.

"ಅಮ್ಮ ಕೂತಿದ್ರು," ಎಂದಳು ಹರ್ಷಿಣಿ. ಅವಳ ನಗು ನಿಂತಿತ್ತು. "ವರುಣ್ ಹಾಗೆ ಕೂತಿರ್ತಾನಾ ಅಪ್ಪಾ?"

ಅವಳು ಬೀನ್ಸನ್ನು ಎತ್ತಿ ವರುಣನ ತಟ್ಟೆಗೆ ಹಾಕಿದಳು.

"ಬೇಜಾರ್ ಮಾಡ್ಕೋಬೇಡಿ. ಮಕ್ಕಳು ಬರೋದು ಬೇಡ. ನೀವಿಬ್ರು ಹೋಗ್ಬನ್ನಿ."

ಬಸವರಾಜರು ಎದ್ದು ಕೈ ತೊಳೆದರು. ಹೊರಗೆ ಬಿಸಿಲು ಕುದಿಯುತ್ತಿತ್ತು. ಆ ಬಿಸಿಲಲ್ಲೇ ಮೂರು ಮಹಡಿ ಇಳಿದು ಹೋಗಿ, ಬೆಳಿಗ್ಗೆ ಒರೆಸಿದ್ದ ಗಾಜನ್ನೇ ಮತ್ತೆ ಒರೆಸುತ್ತ ನಿಂತರು.

ಸಂಜೆ ಇಂಚರಾ ನೋಟ್‌ಬುಕ್ ಹಿಡಿದು ಕೆಳಗೆ ಬಂದಳು. ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಉತ್ತರ ಸಿಕ್ಕಿದ್ದರಿಂದಲೇ ಬೆಟ್ಟ ತಪ್ಪಿಹೋಗಿತ್ತು. ಅದು ಅವಳಿಗೆ ಸರಿಯೆನಿಸಿರಲಿಲ್ಲ.

"ತಾತ, ರೂಲ್ ಹೇಳಿ. ಒಂದು ಸಲ ಬಾರಿಸಿದ್ರೆ?"

"ನಿಲ್ಲಿಸ್ಬೇಕು."

"ದೋ ಬಾರ್?"

"ರೈಟ್. ಹೊರಡ್ಬೇಕು."

"ಪೊಲೀಸ್ ಹೊರಡಿ ಅಂದ್ರೆ?"

"ಗಂಟೆ ಹೊಡೀಬೇಕು."

"ನಮ್ಮ ಪ್ರಿನ್ಸಿಪಲ್ ಮ್ಯಾಮ್ ಅಂದ್ರೆ?"

"ಅವರಾದ್ರೂ ಅಷ್ಟೇ. ನಮ್ಮ ಸುರೇಶ ಅಂತ ಕಂಡಕ್ಟರ್ ಇದ್ದ, ಹನ್ನೊಂದು ವರ್ಷ ನನ್ ಜೊತೆ. ಅವನು ರೈಟ್ ಅನ್ನೋತನಕ ದೇವ್ರೇ ಬಂದು ಹೇಳಿದ್ರೂ ಬಸ್ ಎತ್ತುತಿರ್ಲಿಲ್ಲ."

ಇಂಚರಾ ಬರೆದುಕೊಂಡು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದಳು. "ಮತ್ತೆ ಲಲಿತಪುರದಲ್ಲಿ ಯಾಕೆ ಹೋದ್ರಿ?"

ಬಸವರಾಜರು ಗಾಜಿನಲ್ಲಿ ತಮ್ಮ ಮುಖವನ್ನೇ ನೋಡಿದರು. "ಹೊಡೆದೋರು ಯಾರು ಅಂತ ನೋಡ್ಲಿಲ್ಲ ಕಣಮ್ಮ. ಅಷ್ಟು ವರ್ಷ ನೋಡೋದೇ ಬೇಕಿರ್ಲಿಲ್ಲ."

ಅವಳು ನೋಟ್‌ಬುಕ್ ಮುಚ್ಚಿ ಮೇಲಕ್ಕೆ ಓಡಿದಳು. ಮೂರನೇ ಮಹಡಿಯ ಕಿಟಕಿಯಿಂದ ಸುಮಾರು ಹೊತ್ತು ಹಿಂದಿಯಲ್ಲಿ ವಾದ ಕೇಳಿಸಿತು. ಆಮೇಲೆ ಹರ್ಷಿಣಿ ಬಾಲ್ಕನಿಗೆ ಬಂದು ಬಗ್ಗಿ ಹೇಳಿದಳು: "ಅಪ್ಪಾ, ನಾಳೆ ಬೆಳಿಗ್ಗೆ ಹೌಜ್ ಖಾಸ್ ಕೆರೆಗೆ ಹೋಗ್ಬರೋಣ. ನಾನೂ ಬರ್ತೀನಿ." ಸ್ವಲ್ಪ ತಡೆದು, "ನೋಡ್ತೀನಿ, ಅಷ್ಟೇ," ಎಂದಳು.

ಭಾನುವಾರ ಆರು ಗಂಟೆಗೆಲ್ಲ ಹೊರಟರು. ಇಂಚರಾ ಹಿಂದಿನ ಸೀಟಿನಲ್ಲಿ, ಹಗ್ಗದ ತುದಿಯನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡು ಕೂತಿದ್ದಳು. ಹರ್ಷಿಣಿ ಅವಳ ಪಕ್ಕ, ಡ್ರೈವರನ ಕನ್ನಡಿಯಲ್ಲಿ ಕಾಣುವ ಅಪ್ಪನ ಕಣ್ಣುಗಳನ್ನೇ ನೋಡುತ್ತ ಬಂದಳು. ದಾರಿಯ ಎರಡೂ ಬದಿ ಕಕ್ಕೆ ಹೂವು ಹಳದಿ ಗೊಂಚಲುಗಳಾಗಿ ಇಳಿಬಿದ್ದಿತ್ತು. "ಅಲ್ವೇ ಹರ್ಷಿ, ಇದಕ್ಕೆ ಇಲ್ಲಿ ಏನಂತಾರೆ?" ಎಂದು ಲೀಲಮ್ಮ ಕೇಳಿದರು. "ಅಮಲ್ತಾಸ್," ಎಂದು ಇಂಚರಾ ಹೇಳಿದಳು. ಲೀಲಮ್ಮ ಅದನ್ನು ನಾಲ್ಕು ಸಲ ಬಾಯಲ್ಲಿ ಹೊರಳಿಸಿ ನೋಡಿದರು. ಕೆರೆಯಲ್ಲಿ ಬಾತುಗಳಿದ್ದವು, ಕೆರೆಯ ದಡದಲ್ಲಿ ಹಳೇ ಗುಮ್ಮಟಗಳಿದ್ದವು, ವಾಕಿಂಗಿಗೆ ಬಂದ ಒಬ್ಬ ಮೇಷ್ಟರು ಧಾರವಾಡದವರೆಂದು ಲೀಲಮ್ಮ ಐದು ನಿಮಿಷದಲ್ಲಿ ಕಂಡುಹಿಡಿದರು. ವರುಣ್ ಒಂದು ಬಾತನ್ನು ಮನೆಗೆ ಕರೆದುಕೊಂಡು ಹೋಗೋಣ ಎಂದು ಅತ್ತ.

ವಾಪಸು ಹೊರಡುವ ಹೊತ್ತಿಗೆ ಬಿಸಿಲೇರಿತ್ತು. ರಸ್ತೆ ಕಿರಿದು. ಕಾರುಗಳು ಹಿಂದೆ ಹಿಂದೆ ಬಂದು ನಿಲ್ಲತೊಡಗಿದ್ದವು. ಬಸವರಾಜರು ಇಂಜಿನ್ ಶುರು ಮಾಡಿ, ಗೇರ್ ಹಾಕಿ, ಕ್ಲಚ್ ಒತ್ತಿ ಕಾದರು. ಹಿಂದಿನಿಂದ ಬಾಗಿಲು ಎಳೆದ ಸದ್ದು ಬಂತು.

ಅಷ್ಟರಲ್ಲಿ ಪಾರ್ಕಿಂಗಿನ ಗಾರ್ಡು ಬಂದು ವ್ಯಾನಿನ ತಗಡಿಗೆ ತಟ್ಟಿದ. ಧಪ್, ಧಪ್. "ಚಲೋ ಚಲೋ, ನಿಕ್ಲೋ ಅಂಕಲ್‌ಜೀ!"

ಬಸವರಾಜರ ಎಡಗಾಲು ಕ್ಲಚ್ ಬಿಡಲು ಎದ್ದಿತು. ಮೊಣಕಾಲಿನ ಮೇಲೆ ಕೈಯಿಟ್ಟು ಅದನ್ನು ಒತ್ತಿ ಹಿಡಿದರು.

ಹಿಂದಿನ ಕಾರು ಹಾರ್ನ್ ಹೊಡೆಯಿತು. ಅದರ ಹಿಂದಿನದೂ. ಗಾರ್ಡು ಕಿಟಕಿಯ ಹತ್ತಿರವೇ ಬಂದು ಮತ್ತೆ ಎರಡು ಪೆಟ್ಟು ಕೊಟ್ಟ. "ಸೋ ಗಯೇ ಕ್ಯಾ?"

"ಭಯ್ಯಾ," ಎಂದರು ಬಸವರಾಜರು ಮುಂದೆಯೇ ನೋಡುತ್ತ, "ಘಂಟೀ ನಹೀ ಬಜೀ."

"ಕೌನ್ ಸೀ ಘಂಟೀ?"

ಬಸವರಾಜರು ಕಿವಿಯ ಪಕ್ಕದ ಗಂಟೆಯ ಕಡೆ ಬೆರಳು ತೋರಿಸಿದರು. ಕನ್ನಡಿಯಲ್ಲಿ ಈಗ ಅವರಿಗೆ ಕಂಡಿತು: ಇಂಚರಾ ಹಗ್ಗ ಹಿಡಿದು ಅಲ್ಲಾಡದೆ ಕೂತಿದ್ದಳು, ಅವಳ ಪಕ್ಕದ ಸೀಟು ಖಾಲಿ. ಬಾಗಿಲು ಎಳೆದ ಸದ್ದು ಯಾರೋ ಹತ್ತಿದ್ದಲ್ಲ, ಇಳಿದದ್ದು. ಹೊರಗೆ ಹತ್ತು ಮಾರು ದೂರದಲ್ಲಿ ವರುಣ್ ಒಂದೇ ಚಪ್ಪಲಿಯಲ್ಲಿ ಕೆರೆಯ ಕಡೆ ಓಡುತ್ತಿದ್ದ. ಇನ್ನೊಂದು ಚಪ್ಪಲಿ ಕೈಯಲ್ಲಿ ಹಿಡಿದು ಹರ್ಷಿಣಿ ಅವನ ಹಿಂದೆ ಓಡುತ್ತಿದ್ದಳು.

ಹಾರ್ನುಗಳು ನಾಲ್ಕಾದವು. ಯಾರೋ ಕಾರಿನಿಂದ ತಲೆ ಹೊರಗೆ ಹಾಕಿ ಬಸವರಾಜರ ವಯಸ್ಸಿನ ಬಗ್ಗೆ ಏನೋ ಅಂದ. ಅವರು ಕಾದರು. ಲೀಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

ಹರ್ಷಿಣಿ ಮಗನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಏದುಸಿರು ಬಿಡುತ್ತ ಹತ್ತಿದಳು. ಬಾಗಿಲು ಎಳೆದಳು. "ಹೊರಡಿ ಅಪ್ಪಾ, ಎಲ್ರೂ ಬೈತಿದಾರೆ."

ವ್ಯಾನು ಅಲ್ಲಾಡಲಿಲ್ಲ.

"ಅಪ್ಪಾ, ಹೊರಡಿ ಅಂದ್ನಲ್ಲ!"

"ನೀನು ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ," ಎಂದರು ಬಸವರಾಜರು.

ಇಂಚರಾ ಮುಂಗೈಯ ಸುತ್ತು ಬಿಚ್ಚಿ ಹಗ್ಗದ ತುದಿಯನ್ನು ಅಮ್ಮನ ಕಡೆ ಚಾಚಿದಳು. "ಮಮ್ಮಾ, ಆಜ್ ಆಪ್."

ಹರ್ಷಿಣಿ ಹಗ್ಗ ಹಿಡಿದು ಒಮ್ಮೆ ಎಳೆದಳು. ಗಂಟೆ ಒಂದು ಸಲ ಹೊಡೆದು ಸುಮ್ಮನಾಯಿತು. ಅವಳು ಹಗ್ಗ ಬಿಡದೆ, ಇನ್ನೊಂದು ಕೈಯ ಬೆರಳನ್ನು ಗಾಳಿಯಲ್ಲಿ ಆಡಿಸುತ್ತ, ವರುಣ್, ಇಂಚರಾ, ಅಮ್ಮ ಎಂದು ತಲೆ ಎಣಿಸಿದಳು. ಬೆರಳು ಕೊನೆಗೆ ಮುಂದಿನ ಸೀಟಿನ ನರೆತ ತಲೆಯ ಮೇಲೆ ನಿಂತಿತು. ಆಮೇಲೆ, "ಗುರುವಾರಾನೂ ಹೀಗೇ ಅಪ್ಪಾ," ಎಂದು ಹಗ್ಗವನ್ನು ಎರಡು ಸಲ ಎಳೆದಳು.

ವ್ಯಾನು ಮುಂದಕ್ಕೆ ಜಿಗಿಯಿತು. ಮತ್ತೊಮ್ಮೆ ತಟ್ಟಲು ಎತ್ತಿದ್ದ ಗಾರ್ಡಿನ ಕೈಗೆ ತಗಡು ಸಿಗಲಿಲ್ಲ. ಪೀತಮ್‌ಪುರದಿಂದ ವ್ಯಾನಿನ ನೆತ್ತಿಯ ಮೇಲೆ ಕೂತು ಬಂದಿದ್ದ ಕಕ್ಕೆ ಹೂವಿನ ಎಸಳುಗಳು ಜಾರಿ ಅವನ ಟೋಪಿಯ ಮೇಲೆ ಬಿದ್ದವು.