ಬಷೀರ್ ಸಾಹೇಬರು ಸಿಲಿಂಡರ್ ಕೊಂಡದ್ದು

ಬಷೀರ್ ಅಹಮದ್ ಸಾಹೇಬರ ನಡಿಗೆಯನ್ನು ಮೊದಲ ಸಲ ಕಂಡವರು, ಇವರನ್ನು ಯಾರೋ ಹಿಂದಿನಿಂದ ಕೂಗುತ್ತಿದ್ದಾರೆಂದೇ ಭಾವಿಸುತ್ತಾರೆ. ಎಡಗಿವಿಯನ್ನು ತುಸು ಹಿಂದಕ್ಕೆ ವಾಲಿಸಿ, ಮೂರು ಹೆಜ್ಜೆಗೊಮ್ಮೆ ಕ್ಷಣಕಾಲ ತಡೆದು, ಮತ್ತೆ ಪರಮ ನಿರಾಸಕ್ತಿಯಿಂದ ಮುಂದುವರಿಯುವ ಆ ಗತಿ ನಲವತ್ತು ವರ್ಷಗಳ ಚೌಕಾಸಿಯಿಂದ ಸಿದ್ಧಿಸಿದ್ದು. ಅಂಗಡಿಯವನು ಬೆಲೆ ಹೇಳುತ್ತಾನೆ, ಇವರು ಹೊರಡುತ್ತಾರೆ, ನಾಲ್ಕನೆಯ ಹೆಜ್ಜೆಗೆ ಅವನು ಕರೆಯಲೇಬೇಕು. ಕ್ರಮೇಣ ಕೊಳ್ಳುವುದೇನೂ ಇಲ್ಲದ ಕಡೆಯಲ್ಲೂ, ಮಸೀದಿಯಿಂದ ಮನೆಗೆ ಬರುವಾಗಲೂ, ನನ್ನ ಮಗಳ ಮದುವೆಯ ಊಟ ಮುಗಿಸಿ ಹೊರಡುವಾಗಲೂ ಅವರು ಹಾಗೆಯೇ ನಡೆದರು. ಆ ದಿನ ನಾನು ಕಕ್ಕಾಬಿಕ್ಕಿಯಾಗಿ ಹಿಂದಕ್ಕೆ ಕರೆದು, ಪುನಃ ಎಲೆ ಹಾಕಿಸಿ ಬಡಿಸಿದೆ; ಅವರೂ ಸಂಕೋಚಪಡದೆ ಉಂಡರು.

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಕೊಂಡು ನೂಲು ತೆಗೆಯುವ ಕಸುಬು ಅವರದು. ಹರಾಜು ಮೊಬೈಲಿಗೆ ಬಂದ ಮೇಲೂ ಒಂದು ಗೂಡನ್ನೆತ್ತಿ ಕಿವಿಯ ಬಳಿ ಅಲುಗಿಸಿ, ಒಳಗಿನ ಹುಳದ ಸದ್ದನ್ನು ಆಲಿಸದೆ ಅವರು ಬೆಲೆ ಕೂಗಿದವರಲ್ಲ. ಅದೇ ಅಭ್ಯಾಸಬಲದಿಂದ ತೆಂಗಿನಕಾಯಿ, ಟಾರ್ಚು, ಮಾತ್ರೆಯ ಡಬ್ಬಿ ಎಲ್ಲವನ್ನೂ ಅಲುಗಿಸಿಯೇ ಕೊಳ್ಳುತ್ತಾರೆ. ಅವರ ವ್ಯಾಪಾರದ ತತ್ತ್ವವೂ ಆ ಹುಳದಿಂದಲೇ ಬಂದದ್ದು. ಹತ್ತು ದಿನ ಬಿಟ್ಟರೆ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬೀಳುತ್ತದೆ, ತೂತು ಬಿದ್ದ ಗೂಡಿನಲ್ಲಿ ನೂಲು ಬಾರದು, ಆದ್ದರಿಂದ ಮಾರುವವನಿಗೆ ಅವಸರ. “ಸುಮ್ನೆ ಕಾಯ್ಬೇಕು ಮೇಷ್ಟ್ರೇ. ಕಾಯೋನೇ ಗೆಲ್ಲೋದು” ಎನ್ನುತ್ತಿದ್ದರು. ತಾಳಿದವನು ಬಾಳಿಯಾನು ಎಂದು ಮೂವತ್ತು ವರ್ಷ ತರಗತಿಯಲ್ಲಿ ಬೋಧಿಸಿದ ನಾನು ಅದಕ್ಕೆ ಎದುರಾಡುವುದಾದರೂ ಹೇಗೆ?

ಮೂರು ವರ್ಷಗಳ ಹಿಂದೆ ಸಾಹೇಬರು ಪತ್ನಿ ಷಮೀಮ್ ಅವರೊಂದಿಗೆ ಮುರ್ಡೇಶ್ವರದ ಕಡೆ ಪ್ರವಾಸ ಹೋದರು. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗುವ ಸ್ಕೂಬಾ ವಿದ್ಯೆಯನ್ನು ಕಲಿಸುತ್ತಿದ್ದವನು ನಮ್ಮ ಗೌರಿಬಿದನೂರಿನ ಸುನೀಲ್‌ಕುಮಾರ್. ನಮ್ಮ ಕಡೆಯವನೆಂಬ ಸಲಿಗೆಯಿಂದ ಇಬ್ಬರೂ ನಾಲ್ಕು ದಿನ ನಿಂತು ಕಲಿತರು. ಷಮೀಮ್ ಅವರು ಬಾಲ್ಯದಲ್ಲಿ ಅಂಬಾಜಿದುರ್ಗದ ತಪ್ಪಲಿನ ತೋಟದ ಬಾವಿಗಳಲ್ಲಿ ಈಜಿದವರು. ಆಮೇಲೆ ಮೂವತ್ತು ವರ್ಷ ನೂಲಿನ ಬಿಸಿನೀರ ತೊಟ್ಟಿಯೆದುರು ನಿಂತು ಮೊಣಕಾಲುಗಳನ್ನು ಸವೆಸಿಕೊಂಡವರು. ನೆಲದ ಮೇಲೆ ಹತ್ತು ಹೆಜ್ಜೆಗೆ ‘ಯಾ ಅಲ್ಲಾ’ ಎನ್ನುವ ಆ ಹೆಂಗಸು ಮೀನುಗಳ ನಡುವೆ ಅರ್ಧ ಗಂಟೆ ತೇಲಿ ಬಂದು ಹೇಳಿದರಂತೆ: “ನೀರೊಳಗೆ ನಂಗೆ ಮೊಣಕಾಲೇ ಇರ್ಲಿಲ್ಲ ಕಣ್ರಿ!”

ಊರ ಹತ್ತಿರವೇ ಆಕೆಯನ್ನು ಹೀಗೆ ನೀರಿಗಿಳಿಸುವುದಾಗಿ ಅಂದೇ ಸಾಹೇಬರು ಮಾತು ಕೊಟ್ಟರು. ಅಂಬಾಜಿದುರ್ಗದ ಬಳಿ ಪರಿಚಯದವರ ಹಳೆಯ ಕಲ್ಲುಕ್ವಾರಿಯೊಂದಿದೆ. ಮಳೆನೀರು ತುಂಬಿದ ಅದು ದೀಪಾವಳಿಯಿಂದ ಶಿವರಾತ್ರಿಯವರೆಗೆ ಕನ್ನಡಿಯಂತೆ ತಿಳಿಯಾಗಿರುತ್ತದೆ. ಚಳಿಗಾಲದಲ್ಲಿ ರಜೆಗೆ ಊರಿಗೆ ಬರುವ ಸುನೀಲ್‌ಕುಮಾರ್ ತನ್ನ ಸಿಲಿಂಡರ್ ತಂದು ಜೊತೆಗೆ ಇಳಿಯಲು ಒಪ್ಪಿದ. ಮುಖವಾಡ, ಉಸಿರಾಟದ ಕೊಳವೆ ಎಲ್ಲವೂ ಬಂದವು. ಬಾಕಿ ಉಳಿದದ್ದು ಗಂಡ ಹೆಂಡತಿಗೆ ಎರಡು ಸಿಲಿಂಡರ್ ಮಾತ್ರ.

ಸಿಲಿಂಡರ್ ಮಾರುವವರು ಚೆನ್ನೈನ ಮೋಹನ್‌ಬಾಬು. ಸಾಹೇಬರು ದಿನವೂ ಬೆಳಿಗ್ಗೆ ಹತ್ತಕ್ಕೆ, ಗೂಡಿನ ಹರಾಜಿನ ಸಮಯಕ್ಕೆ ಸರಿಯಾಗಿ, ಅವರಿಗೆ ಫೋನು ಮಾಡುತ್ತಿದ್ದರು. ಅಲ್ಯೂಮಿನಿಯಂ ಏರಿತು, ಡಾಲರ್ ಏರಿತು, ಹಡಗಿನ ಬಾಡಿಗೆ ಇಳಿಯಿತು. ಇಳಿದ ದಿನ ಸಾಹೇಬರು, “ಇಳಿಯೋಕೆ ಶುರುವಾಗೈತೆ, ಇನ್ನೂ ಇಳೀತದೆ” ಎಂದು ಕಾದರು. ಏರಿದ ದಿನ, “ಏರಿದ್ದು ಇಳೀಲೇಬೇಕಲ್ಲ” ಎಂದು ಕಾದರು. ಹೀಗೆ ಎರಡು ಚಳಿಗಾಲಗಳು ಸಂದವು. ಈ ನಡುವೆ ಇಬ್ಬರಿಗೂ ತೆಲುಗಿನಲ್ಲಿ ಗಾಢ ಸ್ನೇಹ ಬೆಳೆದು, ಮೋಹನ್‌ಬಾಬು ಅವರ ಮಗಳ ನಿಶ್ಚಿತಾರ್ಥಕ್ಕೆ ಸಾಹೇಬರು ಹೋಗಿಬಂದರು, ಸಿಲಿಂಡರ್ ಮಾತ್ರ ಬರಲಿಲ್ಲ. ಷಮೀಮ್ ಅವರ ಮುಖವಾಡ ಅಡುಗೆಮನೆಯ ಮೊಳೆಗೆ ನೇತುಬಿದ್ದಿತ್ತು. ಈರುಳ್ಳಿ ಹೆಚ್ಚುವಾಗ ಅದನ್ನು ಹಾಕಿಕೊಂಡು ನನಗೆ ಚಹಾ ತಂದುಕೊಟ್ಟ ದಿನ ನಾನು ಬೆಚ್ಚಿಬಿದ್ದೆ. “ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ನಮ್ಮೋರಿಗೆ ಗೊತ್ತಿಲ್ವೇ ಈ ಗಾದೆ?” ಎಂದರು ಅವರು, ಗಾಜಿನ ಹಿಂದಿನಿಂದ.

ಮೂರನೆಯ ಚಳಿಗಾಲದಲ್ಲಿ ಕ್ವಾರಿಯ ಒಡೆಯ ಸುದ್ದಿ ಕಳಿಸಿದ: ಶಿವರಾತ್ರಿಯ ನಂತರ ಮತ್ತೆ ಕಲ್ಲು ತೆಗೆಯುತ್ತಾರಂತೆ, ನೀರೆಲ್ಲ ಪಂಪಿನಲ್ಲಿ ಹೊರಕ್ಕೆ. ಸಮುದ್ರದವರೆಗಿನ ಪ್ರಯಾಣ ಷಮೀಮ್ ಅವರ ಕಾಲಿಗೆ ಇನ್ನು ಆಗದ ಮಾತು. ಆದರೂ ಸಾಹೇಬರು, ಇನ್ನೂ ಒಂದು ತಿಂಗಳಿದೆಯಲ್ಲ ಎಂದರು. ನನಗೆ ನಿಜವಾಗಿಯೂ ಸಿಟ್ಟು ಬಂತು, ಆದರೆ ಸ್ನೇಹಿತನೆಂದು ನುಂಗಿಕೊಂಡೆ.

ಷಮೀಮ್ ನುಂಗಿಕೊಳ್ಳಲಿಲ್ಲ. ಮರುದಿನ, ನಾನೂ ಸಾಹೇಬರೂ ಗೂಡಿನ ಮಾರುಕಟ್ಟೆಯಲ್ಲಿ ನಿಂತಿದ್ದಾಗ, ಎಂದೂ ಆ ಕಡೆ ಬಾರದ ಆಕೆ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಬಂದು, ಪತಿಯ ಅಂಗೈ ಬಿಡಿಸಿ ತೂತು ಬಿದ್ದ ಗೂಡೊಂದನ್ನಿಟ್ಟರು. ಮನೆಯ ಅಟ್ಟದಲ್ಲಿ ಮರೆತುಹೋಗಿದ್ದ ಗೂಡು ಅದು.

“ಗೂಡೊಳಗೆ ಹುಳ ಇರ್ತದೆ, ಅದಕ್ಕೆ ರೈತ ನಿಮಗೆ ಹೆದರ್ತಾನೆ. ಆ ಸಿಲಿಂಡರ್ ಒಳಗೆ ಯಾವ ಹುಳ ಐತೆ? ಚೆನ್ನೈನೋರು ನೂರು ವರ್ಷ ಬೇಕಾದ್ರೂ ಕಾಯ್ತಾರೆ. ಹುಳ ಇರೋದು ನನ್ನ ಮೊಣಕಾಲಲ್ಲಿ ರೀ!”

ಸಾಹೇಬರು ಗೂಡನ್ನು ಅಭ್ಯಾಸದಂತೆ ಕಿವಿಯ ಬಳಿ ಹಿಡಿದು ಅಲುಗಿಸಿದರು. ಸದ್ದಿಲ್ಲ. ಅವರ ಮುಖ ಸಣ್ಣದಾದುದನ್ನು ನಾನು ಕಂಡೆ. ಅಲ್ಲಿಯೇ ಫೋನು ಹಚ್ಚಿದರು. ವಿಧಿಯ ಕುಚೋದ್ಯವೆಂದರೆ, ಆ ದಿನದ ಬೆಲೆ ಮೂರು ವರ್ಷಗಳಲ್ಲೇ ಅತ್ಯಧಿಕ. ಪ್ರಾಮಾಣಿಕರಾದ ಮೋಹನ್‌ಬಾಬು ಸ್ವತಃ ಗೋಗರೆದರು: “ಆಗಂಡಿ ಸಾಹೇಬ್ರೇ, ಹೊಸ ಸ್ಟಾಕ್ ಬರ್ತಿದೆ, ಹತ್ತು ದಿನ ತಡೀರಿ, ರೇಟ್ ಇಳೀತದೆ!”

“ಒಂದಿನಾನೂ ತಡೆಯೋಕಾಗಲ್ಲ. ಇವತ್ತೇ ಲಾರಿಗೆ ಹಾಕಪ್ಪ” ಎಂದರು ಬಷೀರ್ ಅಹಮದ್. ನಲವತ್ತು ವರ್ಷಗಳಲ್ಲಿ ಅವರು ಚೌಕಾಸಿಯಿಲ್ಲದೆ, ಮಾರುವವನು ಹೇಳಿದ ಬೆಲೆಗೇ ಕೊಂಡ ವಸ್ತು ಅದೊಂದೇ. ಷಮೀಮ್ ಅವರು ಅಲ್ಲೇ ಗೂಡಿನ ಮೂಟೆಯ ಮೇಲೆ ಕುಳಿತು ಕಣ್ಣೊರೆಸಿಕೊಂಡು ನಕ್ಕರು.

ಫೆಬ್ರವರಿಯ ಒಂದು ಭಾನುವಾರ ಮೂವರೂ ಕ್ವಾರಿಗೆ ಇಳಿದರು. ದಡದಲ್ಲಿ ಚಪ್ಪಲಿ ಕಾಯುತ್ತ ಕುಳಿತ ನಾನು ನೀರ ಮೇಲೆ ಒಡೆಯುವ ಗುಳ್ಳೆಗಳನ್ನೇ ದಿಟ್ಟಿಸುತ್ತಿದ್ದೆ. ಅರ್ಧ ಗಂಟೆಯ ಮೇಲೆ ಷಮೀಮ್ ತಲೆಯೆತ್ತಿದರು, ಬಾಯಿಯ ಕೊಳವೆ ಕಿತ್ತೆಸೆದು, “ಮೇಷ್ಟ್ರೇ, ಕೆಳಗೆ ಓಡಾಡ್ದೆ! ಓಡ್ದೆ ನಾನು!” ಎಂದು ಕೂಗಿದ ಕೂಗು ಬಂಡೆಗಳಿಗೆಲ್ಲ ಬಡಿದು ಬಂತು. ಹಿಂದೆಯೇ ಸಾಹೇಬರೂ ಸುನೀಲನೂ ಮೇಲೆ ಬಂದರು. ಅಷ್ಟರಲ್ಲಿ ಸಾಹೇಬರ ಫೋನು ನನ್ನ ಕೈಯಲ್ಲಿ ಗುನುಗಿತು. ಮೋಹನ್‌ಬಾಬು. ಬೆಲೆ ನಾಲ್ಕು ಸಾವಿರ ಇಳಿದಿದೆಯಂತೆ. ದಡದಿಂದಲೇ ಕೂಗಿ ಹೇಳಿದೆ. ಸಾಹೇಬರು ಕೇಳಿಸಿಕೊಂಡರು, ಹೆಂಡತಿಯ ಕೈ ಹಿಡಿದರು, ಸಿಲಿಂಡರಿನಲ್ಲಿ ಗಾಳಿ ಇನ್ನೆಷ್ಟಿದೆಯೆಂದು ಸುನೀಲನನ್ನು ವಿಚಾರಿಸಿದರು, ಮತ್ತೆ ಮುಳುಗಿದರು.

ಪ್ರಪಂಚದ ಎಲ್ಲರ ಅವಸರವನ್ನೂ ಅಳೆದು, ಅದಕ್ಕೊಂದು ಬೆಲೆ ಕಟ್ಟಬಲ್ಲ ಜನ ಇವರು. ಮನೆಯೊಳಗಿನ ಅವಸರ ಮಾತ್ರ ಅವರ ಕಣ್ಣಿಗೆ ಎಲ್ಲಕ್ಕಿಂತ ಕೊನೆಗೆ ಬೀಳುತ್ತದೆ. ಆದರೆ ಬಿದ್ದ ದಿನ, ನಾನು ಕಂಡಂತೆ, ಅವರಷ್ಟು ಧಾರಾಳವಾಗಿ ಮೋಸ ಹೋಗಬಲ್ಲವರು ಬೇರೆ ಯಾರೂ ಇಲ್ಲ.