ಪೂರ್ತಿ ಕಪ್ಪು

ಆ ದಿನಗಳಲ್ಲಿ ಯಾರು ಏನು ಕೇಳಿದರೂ ನಾನು ಹೂಂ ಅನ್ನುತ್ತಿದ್ದೆ. ಕುರ್ಚಿಗಳನ್ನು ಆಚೆ ಹಾಕಲೇ ಎಂದರೆ ಹೂಂ. ಇವರ ಅಂಗಿಗಳನ್ನು ಯಾರಿಗಾದರೂ ಕೊಟ್ಟುಬಿಡಲೇ ಎಂದು ನನ್ನ ತಂಗಿ ಕೇಳಿದಳು, ಅದಕ್ಕೂ ಹೂಂ. ಆಮೇಲೆ ಬೀರು ತೆರೆದಾಗ ಖಾಲಿ ಹ್ಯಾಂಗರುಗಳು ನೇತಾಡುತ್ತಿದ್ದವು. ಇದು ಯಾವಾಗ ಆಯಿತೆಂದು ನನಗೇ ಹೊಳೆಯಲಿಲ್ಲ. ಹೀಗೆ ಹೂಂಗುಟ್ಟುವ ಭರದಲ್ಲೇ ಒಂದು ದಿನ ಸ್ಟುಡಿಯೋದ ಕಂಪ್ಯೂಟರೂ ಏನೋ ಕೇಳಿತು. ಹೊಸ ಅಪ್‌ಡೇಟುಗಳು ಬಂದಿವೆ, ಹಾಕಲೇ ಎಂದಿತು. ಅದಕ್ಕೂ ಹೂಂ ಒತ್ತಿದೆ.

ಇವರಿದ್ದಿದ್ದರೆ ಒತ್ತಲು ಬಿಡುತ್ತಿರಲಿಲ್ಲ. "ಕೈಯಲ್ಲಿ ಕೆಲಸ ಇರೋವಾಗ ಅಪ್‌ಡೇಟ್ ಮಾಡೋದು ಅಂದ್ರೆ ಹಾಲು ಕಾಯೋಕಿಟ್ಟು ಒಲೆ ರಿಪೇರಿ ಮಾಡಿದ ಹಾಗೆ" ಅನ್ನುತ್ತಿದ್ದರು. ಆ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಬೇಕೆಂದು ಹಟ ಹಿಡಿದವರು ಅವರೇ. ಹಾಕಿಕೊಟ್ಟವನು ಅವರ ತಮ್ಮ, ನನ್ನ ಮೈದುನ. ದೊಡ್ಡ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ. ಮನೆಯಲ್ಲಿ ಅವನಿಗೆ ಸ್ಕ್ರೂ ಎಂದೇ ಹೆಸರು. ಚಿಕ್ಕವನಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದನಂತೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ತಪ್ಪದೆ ಉಳಿದಿರುತ್ತಿತ್ತಂತೆ.

ನಮ್ಮದು ಮುಂದೆ ಸ್ಟುಡಿಯೋ, ಹಿಂದೆ ಮನೆ, ನಡುವೆ ಒಂದು ಪರದೆ. ಫೋಟೋ ತೆಗೆಯುವುದು ಇವರು, ತಿದ್ದಿ ಪ್ರಿಂಟ್ ಹಾಕುವುದು ನಾನು, ಪರದೆಯ ಆಚೆ ಅಡುಗೆಮನೆಯಲ್ಲಿ ಅತ್ತೆ. ಹೊರಗಿನ ಕೆಲಸಕ್ಕೆ ಹೋದರೂ ಇವರು ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದರು. ರಸ್ತೆಯ ತಿರುವಿನಲ್ಲಿ ಅವರ ಸ್ಕೂಟರಿನ ಸದ್ದು ಎಲ್ಲರಿಗಿಂತ ಮೊದಲು ಅತ್ತೆಗೆ ಕೇಳುತ್ತಿತ್ತು. "ಬಂದ" ಅನ್ನುತ್ತಿದ್ದರು. ಅಷ್ಟೇ. ನಾನು ಮೌಸ್ ಬಿಟ್ಟು ಎದ್ದು ಹೋಗಿ ತಟ್ಟೆ ಇಡುತ್ತಿದ್ದೆ. ಮಧ್ಯಾಹ್ನ ಆಯಿತೆಂದು ತಿಳಿಯಲು ನಾನು ಗಡಿಯಾರ ನೋಡಿದವಳೇ ಅಲ್ಲ.

ಇವರು ಹೋದದ್ದು ಯಾರದೋ ಮನೆಯಲ್ಲಿ, ಫೋಟೋ ತೆಗೆದು ಮುಗಿಸಿ ಕ್ಯಾಮೆರಾ ಸ್ಟ್ಯಾಂಡ್ ಮಡಚುತ್ತಿದ್ದಾಗ. ಹೃದಯ ನಿಂತಿತು ಎಂದರು ಡಾಕ್ಟರು, ಬಸ್ಸು ನಿಂತಿತು ಅನ್ನುವಷ್ಟು ಸಲೀಸಾಗಿ. ನನಗೆ ಅಳು ಬರಲಿಲ್ಲ. ಮಾರನೆಯ ದಿನ ತಂಗಿ ಫೋನ್ ಮಾಡಿ "ಅತ್ತೆಯಾ?" ಎಂದಳು. "ಒಳಗೆ ಮಲಗಿದ್ದಾರೆ" ಎಂದೆ. ಅವಳು ಕೇಳಿದ್ದು ನಾನು ಅತ್ತೆನೋ ಇಲ್ಲವೋ ಎಂದು, ನಮ್ಮತ್ತೆಯ ವಿಷಯವಲ್ಲ. ಅದು ಗೊತ್ತಾದಾಗ ಇಬ್ಬರಿಗೂ ನಗು ಬರಬೇಕಿತ್ತು, ಅದೂ ಬರಲಿಲ್ಲ. ಎಲ್ಲದರ ಮೇಲೂ ತೆಳ್ಳಗೆ ಬೂದಿ ಕೂತ ಹಾಗಿತ್ತು. ಅನ್ನದ ಮೇಲೆ, ಬೀದಿಯ ಮೇಲೆ, ಮಾತಾಡಿಸಲು ಬಂದವರ ಮುಖದ ಮೇಲೆ.

ಹಾಗಾಗಿ ಮತ್ತೆ ಕೆಲಸಕ್ಕೆ ಕೂತಾಗ ಸ್ಕ್ರೀನೂ ಹಾಗೇ ಕಂಡದ್ದು ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಕಪ್ಪು ಕೋಟುಗಳು ಮಾಸಿದ್ದವು, ಬಿಳಿ ಗೋಡೆಗಳು ಮಂಕಾಗಿದ್ದವು, ಮುಖಗಳೆಲ್ಲ ಬಿಳಿಚಿಕೊಂಡಿದ್ದವು. ಗಂಡನನ್ನು ಕಳೆದುಕೊಂಡವಳ ಕಣ್ಣಿಗೆ ಇನ್ನು ಹೇಗೆ ಕಾಣಬೇಕು ಎಂದುಕೊಂಡು, ಕಪ್ಪು ಏರಿಸಿ ಏರಿಸಿ ಪ್ರಿಂಟ್ ಹಾಕುತ್ತಾ ಹೋದೆ.

ಇವರ ಫೋಟೋ ತಿದ್ದಿದ್ದೂ ಆ ಸ್ಕ್ರೀನಿನಲ್ಲೇ. ಊರಿನವರ ಫೋಟೋ ತೆಗೆದವರಿಗೆ ತಮ್ಮದೆನ್ನುವ ಫೋಟೋ ಒಂದೂ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಸ್ಕ್ರೂ ಯಾವಾಗಲೋ ತೆಗೆದದ್ದು. ಹಳದಿ ಬಲ್ಬಿನ ಕೆಳಗೆ ಕೂತು, ಏನೋ ಹೇಳಲು ಬಾಯಿ ತೆರೆಯುವುದಕ್ಕೆ ಮುಂಚಿನ ಮುಖ. ಇವರದು ಕಪ್ಪು ಮೈಬಣ್ಣ. "ನಿನ್ನ ಬಣ್ಣ ನನಗೆ ಹಚ್ಚಿ ಅಪ್ಪನ ಬಣ್ಣ ಸ್ಕ್ರೂಗೆ ಎತ್ತಿಟ್ಟೆಯಲ್ಲಮ್ಮಾ" ಎಂದು ಅತ್ತೆಯನ್ನು ರೇಗಿಸುತ್ತಿದ್ದರು. ಸ್ಕ್ರೀನಿನಲ್ಲಿ ನೋಡಿದರೆ ಕಾಯಿಲೆಯವರ ಹಾಗೆ ಬಿಳಿಚಿಕೊಂಡಿದ್ದರು. ಹಳದಿ ತೆಗೆದೆ, ಕಪ್ಪು ಏರಿಸಿದೆ, ಇವರೇ ಅನ್ನಿಸುವವರೆಗೆ ಏರಿಸಿದೆ. ದೊಡ್ಡ ಪ್ರಿಂಟ್ ಹಾಕಿ, ಫ್ರೇಮ್ ಕಟ್ಟಿಸಿ, ಅತ್ತೆಯ ಮುಂದೆ ತಂದಿಟ್ಟೆ.

ಅತ್ತೆ ಬಹಳ ಹೊತ್ತು ನೋಡಿದರು. "ಬಂದಿಲ್ಲ" ಎಂದರು.

ಸ್ಟುಡಿಯೋದಲ್ಲಿ ದಿನವೆಲ್ಲ ಕೇಳುವ ಮಾತು ಅದು. ಕಣ್ಣು ಬಂದಿಲ್ಲ, ಮಗು ಚೆನ್ನಾಗಿ ಬಂದಿದೆ, ಎಲ್ಲರೂ ಬಂದಿದ್ದಾರೆ ನಾನೊಬ್ಬಳೇ ಬಂದಿಲ್ಲ. ಅಭ್ಯಾಸಬಲದಿಂದ "ಏನು ಬಂದಿಲ್ಲ?" ಎಂದು ಕೇಳಿದೆ.

"ಅವನು ಬಂದಿಲ್ಲ. ಇದು ಯಾರೋ." ಅತ್ತೆ ಫ್ರೇಮನ್ನು ಗೋಡೆಗೆ ಮುಖ ಮಾಡಿಸಿ ಒರಗಿಸಿದರು. "ಅವನು ಬರೋವರೆಗೂ ಮೊಳೆ ಹೊಡೀಬೇಡ."

ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ. ಸ್ಟುಡಿಯೋದಲ್ಲಿ ಕೂತು ಕಣ್ಣು ಮುಚ್ಚಿ ಇವರ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಮೂಗು ನೆನಪಾಯಿತು, ಕಿವಿ ನೆನಪಾಯಿತು, ಗದ್ದದ ಮೇಲಿನ ಗಾಯದ ಗುರುತೂ ನೆನಪಾಯಿತು. ಬಣ್ಣ ಮಾತ್ರ ಬರಲಿಲ್ಲ. ಊರಿನವರ ಮುಖಕ್ಕೆಲ್ಲ ಬಣ್ಣ ಕೊಟ್ಟವಳಿಗೆ ಕಟ್ಟಿಕೊಂಡ ಗಂಡನ ಬಣ್ಣ ಗೊತ್ತಿಲ್ಲ. ಈ ಫೋಟೋ ಸರಿಹೋಗದಿದ್ದರೆ ಇವರು ನನ್ನ ಪಾಲಿಗೆ ಎರಡನೇ ಸಲ ಹೋದ ಹಾಗೆ ಅನ್ನಿಸಿತು. ಆ ದಿನಗಳಲ್ಲಿ ನನಗೆ ಸ್ಪಷ್ಟವಾಗಿ ಅನ್ನಿಸಿದ್ದು ಅದೊಂದೇ.

ಆಮೇಲೆ ಪಕ್ಕದಂಗಡಿಯ ಟೈಲರ್ ಬಂದು ತನ್ನ ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಕೌಂಟರಿನ ಮೇಲೆ ಹರಡಿದ. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇದು ನೀವಲ್ಲ ಅಂತ ಆಫೀಸಲ್ಲಿ ವಾಪಸ್ ಕಳಿಸಿದ್ರು. ನಾನೇ ಸ್ವಾಮಿ ಅಂತ ವಾದ ಮಾಡಿ ನೋಡ್ದೆ. ಮನೆಗೆ ಹೋಗಿ ತೋರಿಸಿದ್ರೆ ನನ್ನ ಹೆಂಡ್ತೀನೂ ಆಫೀಸಿನವರ ಕಡೆ ಸೇರ್ಕೊಂಡ್ಲು."

ಫೋಟೋದಲ್ಲಿ ಅವನ ಮುಖಕ್ಕೆ ಮಸಿ ಬಳಿದ ಹಾಗಿತ್ತು. ಟೈಲರನ ಮನೆಯಲ್ಲಿ ಯಾರೂ ತೀರಿಕೊಂಡಿರಲಿಲ್ಲ, ಆಫೀಸಿನವರ ಮನೆಯಲ್ಲೂ ಇರಲಿಕ್ಕಿಲ್ಲ. ಹಾಗಾದರೆ ತಪ್ಪು ನನ್ನ ಕಣ್ಣೊಂದರದೇ ಅಲ್ಲ ಎಂದು ಆಗ ಹೊಳೆಯಿತು. ಸ್ಕ್ರೂಗೆ ಫೋನ್ ಮಾಡಿದೆ. ಫೋನಿನಲ್ಲಿ ಅಣ್ಣತಮ್ಮಂದಿರದು ಒಂದೇ ದನಿ, ಅದಕ್ಕೇ ಅಲ್ಲಿಯವರೆಗೆ ಮಾಡಿರಲಿಲ್ಲ.

"ಪ್ರಿಂಟರ್ ಕೆಟ್ಟಿದೆ ಅನ್ಸುತ್ತೆ ಕಣೋ" ಎಂದೆ.

"ಇರಿ ಅತ್ತಿಗೆ. ಆ ಟೈಲರ್ ಫೋಟೋನ ನನ್ನ ಮೊಬೈಲಿಗೆ ಕಳ್ಸಿ." ಕಳಿಸಿದೆ. "ಇಲ್ಲೂ ಕಪ್ಪಗೇ ಇದೆ. ಪ್ರಿಂಟರ್ ಪಾಪ, ನೀವು ಕೊಟ್ಟಿದ್ದನ್ನೇ ಹಾಕಿದೆ. ತಿದ್ದೋವಾಗ ನಿಮಗೆ ಹೇಗೆ ಕಾಣ್ತಿತ್ತು?"

"ಸರಿಯಾಗಿ ಕಾಣ್ತಿತ್ತು. ಅದಕ್ಕೇ ತಾನೆ ನಿಲ್ಲಿಸಿದ್ದು."

"ಹಾಗಾದ್ರೆ ಸುಳ್ಳು ಹೇಳ್ತಿರೋದು ಸ್ಕ್ರೀನು."

ಅವನು ಒಂದೊಂದಾಗಿ ಮಾಡಿಸಿದ. ಸ್ಕ್ರೀನಿನ ಕೆಳಗಿನ ಗುಂಡಿ ಒತ್ತಿಸಿ ಬೆಳಕು ಹೆಚ್ಚುಕಡಿಮೆ ಮಾಡಿಸಿದ. ಕೇಬಲ್ ಕೀಳಿಸಿ ಮತ್ತೆ ಹಾಕಿಸಿದ. ಕಣ್ಣಿಗೆ ಹಿತವಾಗಲೆಂದು ಸಂಜೆ ಹೊತ್ತು ಸ್ಕ್ರೀನನ್ನು ಹಳದಿ ಮಾಡುವ ಏರ್ಪಾಡು ಆನ್ ಆಗಿದೆಯೇ ನೋಡಿಸಿದ. ಯಾವುದೂ ಅಲ್ಲ. ಕೊನೆಗೆ ಒಂದು ಚಿತ್ರ ಕಳಿಸಿ, ಸ್ಕ್ರೀನ್ ತುಂಬ ತೆರೆಯಲು ಹೇಳಿದ. ಅದರಲ್ಲಿ ಏನೂ ಇರಲಿಲ್ಲ, ಬರೀ ಕಪ್ಪು.

"ಪೂರ್ತಿ ಕಪ್ಪು ಅದು. ಕಾಣ್ತಿದೆಯಾ?"

"ಕಾಣ್ತಿದೆ."

"ಸ್ಕ್ರೀನಿನ ಸುತ್ತ ಪ್ಲಾಸ್ಟಿಕ್ ಅಂಚು ಇದೆಯಲ್ಲ, ಅಷ್ಟೇ ಕಪ್ಪಾ?"

ಬಗ್ಗಿ ನೋಡಿದೆ. "ಇಲ್ಲ. ಬೂದಿ ಥರ ಇದೆ."

"ಯಾವಾಗಿಂದ ಅತ್ತಿಗೆ?"

"ಅವರು ಹೋದಾಗಿಂದ. ನನಗೇ ಹಾಗೆ ಕಾಣ್ತಿದೆ ಅಂದ್ಕೊಂಡೆ."

"ಅಪ್‌ಡೇಟ್ ಏನಾದ್ರೂ ಹಾಕಿದ್ರಾ?" ಎಂದ.

"ಕೇಳ್ತು. ಹೂಂ ಅಂದೆ."

"ಅದೇ ಮತ್ತೆ. ಕಂಪ್ಯೂಟರಿಗೂ ಸ್ಕ್ರೀನಿಗೂ ನಡುವೆ ಮಾತು ದಾಟಿಸೋದು ಗ್ರಾಫಿಕ್ಸ್ ಡ್ರೈವರ್. ಹೊಸ ಡ್ರೈವರ್ ನಿಮ್ಮ ಸ್ಕ್ರೀನನ್ನ ಟೀವಿ ಅಂದ್ಕೊಂಡಿದೆ. ಟೀವಿಗಾದ್ರೆ ಅದು ಬಣ್ಣನ ಪೂರ್ತಿ ಕಳಿಸಲ್ಲ, ಆ ತುದಿ ಈ ತುದಿ ಎರಡೂ ಕತ್ತರಿಸಿ ಕಳಿಸುತ್ತೆ. ಕಪ್ಪು ಪೂರ್ತಿ ಕಪ್ಪಲ್ಲ, ಬಿಳಿ ಪೂರ್ತಿ ಬಿಳಿಯಲ್ಲ. ನಡುವಿಂದು ಮಾತ್ರ."

"ಹೂಂ" ಎಂದೆ. ನನ್ನ ಸ್ಥಿತಿಯನ್ನು ಅಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಹೊಸದನ್ನು ಹಾಕಿಕೊಂಡರೂ ಈ ಕಂಪ್ಯೂಟರು ಹಳೆಯದನ್ನು ಬಿಸಾಡಿರುವುದಿಲ್ಲವಂತೆ. ಅವನು ಹೇಳಿದಂತೆ ಕಂಪ್ಯೂಟರನ್ನು ಆಫ್ ಮಾಡಿ ಮತ್ತೆ ಹಚ್ಚಿ, ಹಳೆಯದನ್ನು ಆಯ್ದುಕೊಂಡೆ. ಅದರಲ್ಲಿ ಕಪ್ಪು ಅಂಚಿನಷ್ಟೇ ಕಪ್ಪಾಗಿತ್ತು. ತಪ್ಪು ಡ್ರೈವರಿನದೇ ಎಂದು ಖಾತ್ರಿಯಾಯಿತು.

"ನಾನು ಇದರಲ್ಲೇ ಇದ್ದುಬಿಡ್ತೀನಿ ಕಣೋ" ಎಂದೆ.

"ಹಳೇದರಲ್ಲೇ ಇರೋಕಾಗಲ್ಲ ಅತ್ತಿಗೆ" ಎಂದ. ಕಂಪ್ಯೂಟರಿನ ವಿಷಯವೇ ಹೇಳಿದ್ದಿರಬೇಕು.

ಮತ್ತೆ ಹೊಸದಕ್ಕೆ ಬಂದು, ಅವನು ಹೇಳಿದ ಅಕ್ಷರಗಳನ್ನು ಒಂದೊಂದಾಗಿ ಒತ್ತಿದೆ. ಎಲ್ಲಿ ಜಾಗ ಬಿಡಬೇಕು, ಎಲ್ಲಿ ಅಡ್ಡಗೆರೆ ಎಂದು ಮಗುವಿಗೆ ಹೇಳಿಕೊಡುವ ಹಾಗೆ ಹೇಳಿದ. ಕೊನೆಯ ಪದ ಫುಲ್. ಸ್ಕ್ರೀನ್ ಒಮ್ಮೆ ಆರಿ ಹತ್ತಿತು, ಕಪ್ಪು ಕೋಟು ಕಪ್ಪಾಯಿತು. ಪ್ರತಿ ಸಲ ಹಚ್ಚಿದಾಗಲೂ ಅದು ಮರೆಯದಿರಲೆಂದು ಆ ಸಾಲನ್ನು ಒಳಗೆಲ್ಲೋ ಬರೆಸಿಟ್ಟ. ಸ್ಕ್ರೀನಿನ ಜೊತೆಗೆ ನಾನೂ ಸರಿಹೋಗುತ್ತೇನೆ ಎಂದು ಒಳಗೊಳಗೇ ಕಾಯುತ್ತಿದ್ದೆ ಅಂತ ಕಾಣುತ್ತದೆ. ಫೋನ್ ಇಟ್ಟು ಬಾಗಿಲಿಗೆ ಬಂದು ನಿಂತೆ. ಟೈಲರನ ಅಂಗಡಿಯಲ್ಲಿ ನೇತುಹಾಕಿದ್ದ ಕೆಂಪು ಬಟ್ಟೆ ಕೆಂಪಗೇ ಇತ್ತು. ಅದರಿಂದ ನನಗೇನೂ ಆಗಲಿಲ್ಲ.

ಟೈಲರನಿಗೆ ಅವನ ಮುಖ ವಾಪಸ್ಸು ಕೊಟ್ಟೆ. ಇವರ ಫೋಟೋವನ್ನು ಮೊದಲಿನಿಂದ ತಿದ್ದಿ ಹೊಸ ಪ್ರಿಂಟ್ ಹಾಕಿ ಒಳಗೆ ಒಯ್ದೆ.

"ಬಂದಿಲ್ಲ" ಎಂದರು ಅತ್ತೆ. "ಇದೇನು, ಸ್ಕ್ರೂನ ಕೂರಿಸಿದ್ದೀಯಾ?"

ನೋಡಿದರೆ ಹೌದು. ಇವರು ತಮ್ಮನಷ್ಟು ಬೆಳ್ಳಗೆ, ಯಾರದೋ ಸಾಬೂನಿನ ಜಾಹೀರಾತಿಗೆ ಕೂತವರ ಹಾಗೆ ಹೊಳೆಯುತ್ತಿದ್ದರು. ನಾನು ಏನು ಮಾಡಿದ್ದೆನೆಂದು ಆಗ ಗೊತ್ತಾಯಿತು. ನಮ್ಮ ಕೆಲಸದಲ್ಲಿ 'ಒಂದು ಸುತ್ತು' ಎಂದು ಒಂದಿದೆ. ಬಂದವರೆಲ್ಲ ಸ್ವಲ್ಪ ಬೆಳ್ಳಗೆ ಮಾಡಿ ಅನ್ನುತ್ತಾರೆ. ಬಾಯಿಬಿಟ್ಟು ಕೇಳದವರೂ ಮನಸ್ಸಿನಲ್ಲಿ ಅದನ್ನೇ ಕೇಳುತ್ತಾರೆ. ಆದ್ದರಿಂದ ಯಾವ ಮುಖ ತೆರೆದರೂ ಮೊದಲು ಬಿಳುಪಿನ ಒಂದು ಸುತ್ತು. ಅದನ್ನು ನನಗೆ ಕಲಿಸಿದವರು ಇವರೇ. "ನನಗೆ ಮಾತ್ರ ಸುತ್ತು ಹಾಕಿದ್ರೆ ನೋಡು" ಎಂದು ಗದರಿದವರೂ ಇವರೇ. ಸ್ಕ್ರೀನ್ ಸರಿಹೋದದ್ದೇ ತಡ, ಕೈ ತನ್ನ ಪಾಡಿಗೆ ತಾನು ಸುತ್ತು ಹಾಕಿ ಮುಗಿಸಿತ್ತು. ಕಂಪ್ಯೂಟರಿನ ಡ್ರೈವರಿಗಾದರೆ ಸ್ಕ್ರೂ ಇದ್ದ, ನನ್ನ ಕೈಗೆ ಯಾರಿದ್ದಾರೆ.

ಸುತ್ತನ್ನು ತೆಗೆದೆ. ತೆಗೆದರೆ ಉಳಿಯುವುದು ಹಳದಿ ಬಲ್ಬಿನ ಕೆಳಗಿನ ಮುಖ. ಎಷ್ಟು ಹಳದಿ ಬಲ್ಬಿನದು, ಎಷ್ಟು ಇವರದು ಎಂದು ಹೇಳಬಲ್ಲವರು ಒಬ್ಬರೇ. ಪರದೆ ಸರಿಸಿ "ಅತ್ತೆ, ಸ್ವಲ್ಪ ಇಲ್ಲಿ ಬರ್ತೀರಾ?" ಎಂದೆ.

ಇವರು ಹೋದ ಮೇಲೆ ಅತ್ತೆ ಪರದೆ ದಾಟಿರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ಮಗನ ಕುರ್ಚಿಯ ತುದಿಯಲ್ಲಿ ಕೂತರು. ಕಿಟಕಿ ಪೂರ್ತಿ ತೆರೆದು ದೀಪ ಆರಿಸಿದೆ. "ಕೈ ಕೊಡಿ" ಎಂದೆ. ತೋಳನ್ನು ಮೇಲೇರಿಸಿ, ಬಿಸಿಲು ಬೀಳದ ಕಡೆ ತಿರುಗಿಸಿ, ಇವರ ಕೆನ್ನೆಯ ಪಕ್ಕಕ್ಕೆ ಸ್ಕ್ರೀನಿಗೆ ತಾಗಿಸಿ ಹಿಡಿದುಕೊಂಡೆ.

"ಬಣ್ಣ ಹೊಂದಿಸೋಕಾ?"

"ಹೂಂ."

"ಅವನಿಗೆ ನಂದೇ ಬಣ್ಣ" ಎಂದರು ಅತ್ತೆ, ಆಸ್ತಿಯ ವಿಷಯ ಹೇಳುವ ಗತ್ತಿನಲ್ಲಿ.

ಒಂದು ಕೈಯಲ್ಲಿ ಅತ್ತೆಯ ಮಣಿಕಟ್ಟು, ಇನ್ನೊಂದು ಕೈಯಲ್ಲಿ ಮೌಸ್. ಮಣಿಕಟ್ಟು ಬೆಚ್ಚಗಿತ್ತು. ನಾನು ಹಳದಿ ಇಳಿಸುತ್ತಾ ಹೋದೆ, ಅತ್ತೆ ಹೇಳುತ್ತಾ ಹೋದರು. "ಚಹಾಕ್ಕೆ ಹಾಲು ಜಾಸ್ತಿಯಾದ ಹಾಗಾಯ್ತು." ಕಪ್ಪು ಏರಿಸಿದೆ. "ಈಗ ಕೆಂಪು ಜಾಸ್ತಿ. ಅವನು ಯಾವತ್ತು ನಾಚ್ಕೊಂಡಿದ್ದ." ಕೆಂಪು ಇಳಿಸಿದೆ. ಅತ್ತೆ ಮುಂದೆ ಬಾಗಿ ನೋಡಿದರು, ಕೈ ಮಾತ್ರ ಹಿಂತೆಗೆಯಲಿಲ್ಲ. ನಾನೂ ಕೈ ಬಿಡಲಿಲ್ಲ. ತೋಳು ಎಲ್ಲಿ ಮುಗಿಯುತ್ತದೆ, ಕೆನ್ನೆ ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸುವುದು ಕಷ್ಟವಾಗುತ್ತಿತ್ತು.

ಪ್ರಿಂಟ್ ಹಾಕಿದೆ. ಅದು ಹೊರಗೆ ಬಂದದ್ದೇ ಅತ್ತೆ ತಾವೇ ಎತ್ತಿಕೊಂಡು, ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ನೋಡುತ್ತೇನೆ ಎಂದು ಪರದೆಯ ಆಚೆ ಹೋದರು. ನನ್ನ ಕೆಲಸ ಮುಗಿದಿತ್ತು. ತೆರೆದದ್ದನ್ನೆಲ್ಲ ಮುಚ್ಚುತ್ತಾ ಕೂತಿದ್ದೆ.

"ಬಂದ" ಎಂದರು ಅತ್ತೆ ಒಳಗಿನಿಂದ.

ನಾನು ಮೌಸ್ ಬಿಟ್ಟು ಎದ್ದೆ. ಪರದೆ ಸರಿಸಿ ಒಳಗೆ ಹೋಗಿ, ಗೂಡಿನಿಂದ ತಟ್ಟೆ ತೆಗೆದು, ನೀರು ಒರೆಸಿ ಮೇಜಿನ ಮೇಲೆ ಇವರು ಕೂರುವ ಕಡೆ ಇಟ್ಟೆ. ಪಕ್ಕಕ್ಕೆ ಲೋಟ ಇಟ್ಟೆ. ಅನ್ನದ ಪಾತ್ರೆಯ ಮುಚ್ಚಳ ತೆಗೆಯಲು ತಿರುಗಿದಾಗ, ಕಿಟಕಿಯ ಹತ್ತಿರ ಫೋಟೋ ಹಿಡಿದು ನಿಂತಿದ್ದ ಅತ್ತೆ ಆ ತಟ್ಟೆಯನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಅದನ್ನು ಎತ್ತಿಡಲು ಕೈ ಚಾಚಿದೆ.

"ತೆಗೀಬೇಡ, ಇರ್ಲಿ" ಎಂದರು ಅತ್ತೆ.

ನನಗೆ ಅಳು ಬಂತು.